ಲಿನಕ್ಸ್‌ನಲ್ಲಿ ನಿಮ್ಮದೇ ಎನ್‌ಕ್ರಿಪ್ಟೆಡ್ ಪ್ರಾಕ್ಸಿ ಸರ್ವರ್: ಮೊದಲ ಕಮಾಂಡ್‌ನಿಂದ ಕೊನೆಯ ಪರೀಕ್ಷೆವರೆಗೆ

"ನನ್ನದೇ ಒಂದು ಪ್ರಾಕ್ಸಿ ಸರ್ವರ್ ಹಾಕಿಕೊಳ್ಳಬೇಕು, ಹೇಗೆ?" ಈ ಪ್ರಶ್ನೆ ಪದೇ ಪದೇ ಬರುತ್ತಲೇ ಇದೆ. ಅದರ ಬೆನ್ನಿಗೇ ಇನ್ನೊಂದು ಬರುತ್ತದೆ: "ಎಲ್ಲಾ ಹಾಕಿದೆ, ಆದ್ರೆ ಕನೆಕ್ಟ್ ಆಗ್ತಿಲ್ಲ, ಯಾಕೆ?" ಅವರು ಕಳಿಸಿದ ಸೆಟ್ಟಿಂಗ್ ತೆರೆದು ನೋಡಿದರೆ ಎಷ್ಟೋ ಸಲ ಕಾರಣ ಕಣ್ಣಿಗೆ ಕಾಣುತ್ತದೆ. ಯಾವುದೋ ಹಳೆಯ ಲೇಖನದ ಸಾಲುಗಳನ್ನು ಇದ್ದ ಹಾಗೇ ಎತ್ತಿ ಅಂಟಿಸಿರುತ್ತಾರೆ. ಎನ್‌ಕ್ರಿಪ್ಷನ್ ವಿಧಾನದ ಜಾಗದಲ್ಲಿ "ಆರ್‌ಸಿ4-ಎಂಡಿ5" ಅಥವಾ "ಎಇಎಸ್-256-ಸಿಎಫ್‌ಬಿ" ಅಂತ ಇರುತ್ತದೆ. ಅವೆರಡರ ಕಾಲವೂ ಮುಗಿದಿದೆ.

ಅದಕ್ಕೇ ಇವತ್ತಿನ ಮಟ್ಟಕ್ಕೆ ಸರಿಯಾದ ಒಂದು ಪ್ರಾಕ್ಸಿಯನ್ನು ಮೊದಲಿಂದ ಕಟ್ಟೋಣ. ನಾನು ಆರಿಸಿಕೊಂಡಿರುವುದು ಶ್ಯಾಡೋಸಾಕ್ಸ್ ಅನ್ನುವ ಎನ್‌ಕ್ರಿಪ್ಟೆಡ್ ಪ್ರಾಕ್ಸಿ, ಅದರಲ್ಲೂ ರಸ್ಟ್ ಭಾಷೆಯಲ್ಲಿ ಬರೆದ ಶ್ಯಾಡೋಸಾಕ್ಸ್-ರಸ್ಟ್. ಕಮಾಂಡ್‌ಗಳನ್ನೂ ಕನ್ನಡ ಲಿಪಿಯಲ್ಲೇ ಬರೆದಿದ್ದೇನೆ. ಟರ್ಮಿನಲ್‌ನಲ್ಲಿ ಮಾತ್ರ ಇಂಗ್ಲಿಷ್ ಅಕ್ಷರಗಳಲ್ಲೇ ಟೈಪ್ ಮಾಡಿ. ಬೇರೆ ಹೇಳದಿದ್ದರೆ ಎಲ್ಲವೂ ಸಣ್ಣಕ್ಷರ.

ಇದು ಏನು ಮಾಡುತ್ತದೆ, ಏನು ಮಾಡುವುದಿಲ್ಲ

ಪ್ರಾಕ್ಸಿ ಅಂದರೆ ನಡುವೆ ನಿಂತು ನಿಮ್ಮ ಪರವಾಗಿ ಕೆಲಸ ಮಾಡುವ ಕಂಪ್ಯೂಟರ್. ಇಲ್ಲಿ ಎರಡು ಪ್ರೋಗ್ರಾಮ್‌ಗಳಿವೆ. ಒಂದು ನಿಮ್ಮ ಲ್ಯಾಪ್‌ಟಾಪ್‌ನಲ್ಲಿ ಓಡುತ್ತದೆ, ಅದು ಕ್ಲೈಂಟ್. ಇನ್ನೊಂದು ದೂರದ ಲಿನಕ್ಸ್ ಯಂತ್ರದಲ್ಲಿ ಓಡುತ್ತದೆ, ಅದು ಸರ್ವರ್. ಬ್ರೌಸರ್ ತನ್ನ ಕೋರಿಕೆಯನ್ನು ಕ್ಲೈಂಟ್‌ಗೆ ಕೊಡುತ್ತದೆ. ಕ್ಲೈಂಟ್ ಅದನ್ನು ಎನ್‌ಕ್ರಿಪ್ಟ್ ಮಾಡಿ ಸರ್ವರ್‌ಗೆ ಕಳಿಸುತ್ತದೆ. ಸರ್ವರ್ ಬಿಚ್ಚಿ ನೋಡಿ, ನೀವು ಕೇಳಿದ ತಾಣಕ್ಕೆ ಹೋಗಿ ಉತ್ತರ ತರುತ್ತದೆ. ಬ್ರೌಸರ್ ಮತ್ತು ಕ್ಲೈಂಟ್ ನಡುವಿನ ಮಾತುಕತೆಯ ಭಾಷೆ ಸಾಕ್ಸ್5. 1996ರಲ್ಲಿ ಆರ್‌ಎಫ್‌ಸಿ 1928 ಆಗಿ ಬಂದ ಈ ನಿಯಮಾವಳಿಯಲ್ಲೇ ಎನ್‌ಕ್ರಿಪ್ಷನ್ ಇಲ್ಲ. ಆ ಕೊರತೆಯನ್ನು ಶ್ಯಾಡೋಸಾಕ್ಸ್ ತುಂಬುತ್ತದೆ.

ಲಾಭ ಏನು? ನೀವು ಕೂತಿರುವ ವೈ-ಫೈ ನಡೆಸುವವರಿಗೆ ನೀವು ಯಾವ ಯಾವ ತಾಣಕ್ಕೆ ಹೋಗುತ್ತೀರಿ ಅನ್ನುವುದು ಕಾಣುವುದಿಲ್ಲ. ಎಲ್ಲಿಂದ ಬಳಸಿದರೂ ಹೊರಗಿನವರಿಗೆ ಒಂದೇ ಐಪಿ ವಿಳಾಸ ಕಾಣುತ್ತದೆ. ಅಷ್ಟೇ, ಇದರಿಂದ ನೀವು ಅನಾಮಧೇಯರಾಗುವುದಿಲ್ಲ. ಸರ್ವರ್ ಬಾಡಿಗೆಗೆ ಕೊಟ್ಟವರಿಗೆ ನೀವು ಯಾರು ಅಂತ ಗೊತ್ತೇ ಇರುತ್ತದೆ. ಸರ್ವರ್‌ನಿಂದ ಮುಂದಿನ ದಾರಿಯಲ್ಲಿ ಈ ಎನ್‌ಕ್ರಿಪ್ಷನ್ ಇರುವುದಿಲ್ಲ, ಅಲ್ಲಿ ನಿಮ್ಮನ್ನು ಕಾಯುವುದು ತಾಣದ ಎಚ್‌ಟಿಟಿಪಿಎಸ್ ಮಾತ್ರ. ಆಫೀಸಿನ ನೆಟ್‌ವರ್ಕ್‌ನಲ್ಲಿ ಬಳಸುವ ಮುನ್ನ ಅಲ್ಲಿನ ನಿಯಮ, ನೀವಿರುವ ಜಾಗದ ಕಾನೂನು, ಸರ್ವರ್ ಕೊಟ್ಟವರ ಷರತ್ತು, ಮೂರನ್ನೂ ನೋಡಿಕೊಳ್ಳಿ.

ಇನ್ನೊಂದು ಮಾತು. ನೀವೊಬ್ಬರೇ, ಒಂದೇ ಲ್ಯಾಪ್‌ಟಾಪ್, ಬರೀ ಬ್ರೌಸರ್‌ಗೆ ಸಾಕು ಅಂತಿದ್ದರೆ ಇಷ್ಟೆಲ್ಲಾ ಬೇಡವೇ ಬೇಡ. ಸರ್ವರ್‌ಗೆ ಲಾಗಿನ್ ಆಗುವ ಎಸ್‌ಎಸ್‌ಎಚ್ ಕಮಾಂಡ್‌ಗೇ "-ಡಿ 1080" ಅಂತ ಸೇರಿಸಿ. ಇಲ್ಲಿ ಡಿ ದೊಡ್ಡಕ್ಷರ. ಆ ಕಿಟಕಿ ತೆರೆದಿರುವಷ್ಟು ಹೊತ್ತು ನಿಮ್ಮ ಯಂತ್ರದ 1080 ಪೋರ್ಟ್‌ನಲ್ಲಿ (ಪೋರ್ಟ್ ಅಂದರೆ ಪ್ರೋಗ್ರಾಮ್ ಕಾದು ಕೂರುವ, ಸಂಖ್ಯೆ ಹಾಕಿದ ಬಾಗಿಲು) ಸಾಕ್ಸ್ ಪ್ರಾಕ್ಸಿ ಸಿಗುತ್ತದೆ. ಎನ್‌ಕ್ರಿಪ್ಷನ್ ಗಟ್ಟಿಯಾಗಿಯೇ ಇರುತ್ತದೆ. ಆದರೆ ಇಂಟರ್ನೆಟ್‌ನಲ್ಲಿ ಡೇಟಾ ಸಾಗುವ ಎರಡು ಮುಖ್ಯ ವಿಧಾನಗಳಲ್ಲಿ ಟಿಸಿಪಿ ಮಾತ್ರ ಹೋಗುತ್ತದೆ, ಯುಡಿಪಿ ಹೋಗುವುದಿಲ್ಲ, ಫೋನ್‌ನಲ್ಲಿ ಬಳಸುವುದು ಕಷ್ಟ, ಮನೆಯವರಿಗೂ ಕೊಡಬೇಕಾದರೆ ಸರ್ವರ್‌ನ ಲಾಗಿನ್ನನ್ನೇ ಕೊಡಬೇಕಾಗುತ್ತದೆ. ಇವು ಬೇಕು ಅಂದರೆ ಮುಂದೆ ಓದಿ.

ಎನ್‌ಕ್ರಿಪ್ಷನ್ ಯಾವುದು, ಯಾಕೆ

ಇದನ್ನು ಹಾರಿಸಿ ಹೋಗಬೇಡಿ. ಹೆಚ್ಚಿನ ಎಡವಟ್ಟು ಆಗುವುದು ಇಲ್ಲೇ.

ಶ್ಯಾಡೋಸಾಕ್ಸ್ 2012ರಲ್ಲಿ ಬಂದಾಗ ಅದರಲ್ಲಿ ಇದ್ದದ್ದು ಸ್ಟ್ರೀಮ್ ವಿಧಾನಗಳು. ಅವು ಮಾತನ್ನು ಮುಚ್ಚಿಡುತ್ತವೆ, ಆದರೆ ದಾರಿಯಲ್ಲಿ ಯಾರಾದರೂ ಅದನ್ನು ತಿದ್ದಿದರೆ ಗೊತ್ತಾಗುವುದಿಲ್ಲ. ಲಕೋಟೆ ಅಂಟಿಸಿದೆ, ಆದರೆ ಮೇಲೆ ಅರಗಿನ ಮುದ್ರೆ ಇಲ್ಲ. ಇದರಿಂದ ಏನಾಯಿತು ನೋಡಿ. ತಾಣಗಳ ಉತ್ತರ ಸಾಮಾನ್ಯವಾಗಿ "ಎಚ್‌ಟಿಟಿಪಿ/1." ಅನ್ನುವ ಅಕ್ಷರಗಳಿಂದಲೇ ಶುರುವಾಗುತ್ತದೆ. ಮೊದಲ ಕೆಲವು ಅಕ್ಷರ ಏನು ಅಂತ ಗೊತ್ತಿದ್ದರೆ, ಹಿಡಿದಿಟ್ಟುಕೊಂಡ ಎನ್‌ಕ್ರಿಪ್ಟೆಡ್ ತುಣುಕಿನಲ್ಲಿ ಅಷ್ಟನ್ನು ತಿದ್ದಿ ದಾಳಿಕೋರರು ತಮ್ಮದೇ ವಿಳಾಸ ಕೂರಿಸಬಹುದು. ಆ ತುಣುಕನ್ನು ಸರ್ವರ್‌ಗೇ ವಾಪಸ್ ಕಳಿಸಿದರೆ, ಸರ್ವರ್ ಅದನ್ನು ಹೊಸ ಕೋರಿಕೆ ಅಂದುಕೊಂಡು, ಉಳಿದ ಮಾತನ್ನು ಬಿಚ್ಚಿ ಅವರ ವಿಳಾಸಕ್ಕೇ ಕಳಿಸಿಬಿಡುತ್ತದೆ. ಪಾಸ್‌ವರ್ಡ್ ಗೊತ್ತಿರಬೇಕಾಗಿಯೇ ಇಲ್ಲ! 2020ರಲ್ಲಿ ಇದು ಬಹಿರಂಗವಾಯಿತು. ಹಾಗಾಗಿ "ಸಿಎಫ್‌ಬಿ", "ಸಿಟಿಆರ್", "ಆರ್‌ಸಿ4" ಅಂತ ಎಲ್ಲಿ ಕಂಡರೂ ಆ ಲೇಖನವನ್ನು ಅಲ್ಲೇ ಮುಚ್ಚಿಬಿಡಿ.

2017ರಿಂದ ಎಇಎಡಿ ವಿಧಾನಗಳು ಬಂದವು. ಎಇಎಡಿ ಅಂದರೆ ಮುಚ್ಚುವುದು ಮತ್ತು ಮುದ್ರೆ ಒತ್ತುವುದು ಎರಡನ್ನೂ ಒಟ್ಟಿಗೇ ಮಾಡುವ ಎನ್‌ಕ್ರಿಪ್ಷನ್. ಒಂದು ಬಿಟ್ ಬದಲಾದರೂ ಸರ್ವರ್ ಆ ತುಣುಕನ್ನು ಎಸೆಯುತ್ತದೆ. ಎಇಎಸ್-ಜಿಸಿಎಂ ಮತ್ತು ಚಾಚಾ20-ಪಾಲಿ1305 ಇದರ ಎರಡು ಪ್ರಮುಖ ಕುಟುಂಬಗಳು. ಇವೇ ಎರಡನ್ನು ನಿಮ್ಮ ಬ್ರೌಸರ್ ಕೂಡ ಟಿಎಲ್‌ಎಸ್ 1.3ರಲ್ಲಿ (ಎಚ್‌ಟಿಟಿಪಿಎಸ್‌ನ ಹಿಂದಿರುವ ಭದ್ರತಾ ನಿಯಮಾವಳಿ) ದಿನವಿಡೀ ಬಳಸುತ್ತದೆ.

ಅದಾದ ಮೇಲೆ 2022ರ ಆವೃತ್ತಿ ಬಂತು. ಅದು ಇನ್ನೆರಡು ಕಿಂಡಿ ಮುಚ್ಚಿತು. ಒಂದು, ಹಳೆಯ ತುಣುಕನ್ನು ಹಿಡಿದಿಟ್ಟು ಮತ್ತೆ ಕಳಿಸುವ ಆಟ. ಈಗ ಪ್ರತಿ ಕೋರಿಕೆಯ ಒಳಗೂ ಸಮಯದ ಗುರುತು ಇರುತ್ತದೆ. 30 ಸೆಕೆಂಡಿಗಿಂತ ಜಾಸ್ತಿ ವ್ಯತ್ಯಾಸ ಇದ್ದರೆ ಸರ್ವರ್ ಒಪ್ಪುವುದಿಲ್ಲ. ಎರಡು, ದುರ್ಬಲ ಪಾಸ್‌ವರ್ಡ್. ಈಗ ಮನಸ್ಸಿಗೆ ಬಂದ ಪದ ಹಾಕುವಂತಿಲ್ಲ, ಸರಿಯಾದ ಉದ್ದದ ರ‍್ಯಾಂಡಮ್ ಕೀಯನ್ನೇ ಕೊಡಬೇಕು.

ನನ್ನ ಸಲಹೆ: "2022-ಬ್ಲೇಕ್3-ಎಇಎಸ್-256-ಜಿಸಿಎಂ" ಬಳಸಿ. ಯಂತ್ರದ ಪ್ರೊಸೆಸರ್‌ನಲ್ಲಿ ಎಇಎಸ್‌ಗೆ ಹಾರ್ಡ್‌ವೇರ್ ಬೆಂಬಲ ಇದ್ದರೆ ಇದು ತುಂಬಾ ವೇಗ. ನೋಡಿಕೊಳ್ಳಲು "ಎಲ್‌ಎಸ್‌ಸಿಪಿಯು" ಕಮಾಂಡ್ ಓಡಿಸಿ, ಫ್ಲ್ಯಾಗ್‌ಗಳ ಸಾಲಿನಲ್ಲಿ "ಎಇಎಸ್" ಇದೆಯಾ ಹುಡುಕಿ. ತೀರಾ ಹಳೆಯ ಅಥವಾ ಸಣ್ಣ ಯಂತ್ರದಲ್ಲಿ ಇಲ್ಲದಿದ್ದರೆ "2022-ಬ್ಲೇಕ್3-ಚಾಚಾ20-ಪಾಲಿ1305" ಒಳ್ಳೆಯದು.

ಏನೇನು ಬೇಕು

ಹೊರಗಿನಿಂದ ತಲುಪಬಲ್ಲ ಐಪಿ ವಿಳಾಸವಿರುವ ಒಂದು ಲಿನಕ್ಸ್ ಸರ್ವರ್. ಡೆಬಿಯನ್ 12 ಅಥವಾ ಉಬುಂಟು 24.04 ಅಂದುಕೊಂಡು ಬರೆಯುತ್ತಿದ್ದೇನೆ. 512 ಎಂಬಿ ಮೆಮೊರಿ ಸಾಕು. ಅದಕ್ಕೆ ಎಸ್‌ಎಸ್‌ಎಚ್‌ನಲ್ಲಿ ಲಾಗಿನ್ ಆಗಲು, ಸುಡೊ (ಆಡಳಿತಗಾರರ ಅಧಿಕಾರದಲ್ಲಿ ಕಮಾಂಡ್ ಓಡಿಸುವ ಕ್ರಮ) ಬಳಸಲು ಬರಬೇಕು. ಜೊತೆಗೆ ಕ್ಲೈಂಟ್ ಹಾಕಲು ನಿಮ್ಮ ಕಂಪ್ಯೂಟರ್. ಮಧ್ಯದಲ್ಲಿ ನಿಲ್ಲಿಸದೆ ಮಾಡಲು ಒಂದು ಗಂಟೆ ಬಿಡುವು ಮಾಡಿಕೊಳ್ಳಿ.

1. ಸರ್ವರ್ ಹದ ಮಾಡಿಕೊಳ್ಳಿ

ಮೊದಲು ಅಪ್‌ಡೇಟ್:

ಸುಡೊ ಆಪ್ಟ್ ಅಪ್‌ಡೇಟ್
ಸುಡೊ ಆಪ್ಟ್ ಅಪ್‌ಗ್ರೇಡ್

ಆಮೇಲೆ ಗಡಿಯಾರ. "ಟೈಮ್‌ಡೇಟ್‌ಸಿಟಿಎಲ್" ಅಂತ ಟೈಪ್ ಮಾಡಿ. ಗಡಿಯಾರ ಸಿಂಕ್ ಆಗಿದೆ ಅನ್ನುವ ಸಾಲಿನ ಮುಂದೆ "ಯೆಸ್" ಅಂತ ಬರಬೇಕು. "ನೋ" ಬಂದರೆ ಕ್ರೋನಿ ಪ್ಯಾಕೇಜ್ ಹಾಕಿಕೊಳ್ಳಿ, ಅದು ಸಮಯವನ್ನು ತಾನೇ ಸರಿ ಇಡುತ್ತದೆ. ಇದೇ ಪರೀಕ್ಷೆಯನ್ನು ನಿಮ್ಮ ಲ್ಯಾಪ್‌ಟಾಪ್‌ನಲ್ಲೂ ಮಾಡಿ. ಟೈಮ್ ಝೋನ್ ಬೇರೆ ಇದ್ದರೆ ತೊಂದರೆ ಇಲ್ಲ, ಹೋಲಿಕೆ ಆಗುವುದು ಯುಟಿಸಿ ಸಮಯದಲ್ಲಿ. ಆದರೆ ಗಡಿಯಾರವೇ ಎರಡು ನಿಮಿಷ ಹಿಂದಿದ್ದರೆ ಕೀ, ಪೋರ್ಟ್ ಎಲ್ಲಾ ಸರಿ ಇದ್ದರೂ ಒಂದು ಪುಟವೂ ತೆರೆಯುವುದಿಲ್ಲ. ಪರದೆಯ ಮೇಲೆ ಕಾರಣವೂ ಕಾಣುವುದಿಲ್ಲ.

ಎಸ್‌ಎಸ್‌ಎಚ್‌ಗೆ ಇನ್ನೂ ಪಾಸ್‌ವರ್ಡ್ ಲಾಗಿನ್ ಇದ್ದರೆ ಕೀ ಲಾಗಿನ್‌ಗೆ ಬದಲಿಸಿಕೊಳ್ಳಿ. ಪ್ರಾಕ್ಸಿಗೆ ಎಷ್ಟು ಗಟ್ಟಿ ಬೀಗ ಹಾಕಿದರೂ ಹಿತ್ತಲ ಬಾಗಿಲು ತೆರೆದಿದ್ದರೆ ಏನು ಬಂತು, ಅಲ್ವಾ?

2. ಶ್ಯಾಡೋಸಾಕ್ಸ್-ರಸ್ಟ್ ಹಾಕಿಕೊಳ್ಳಿ

ಹೆಸರು ಗಮನಿಸಿ. ಶ್ಯಾಡೋಸಾಕ್ಸ್-ಲಿಬೆವ್ ಅಂತಲೂ ಒಂದು ಪ್ಯಾಕೇಜ್ ಇದೆ, ಎಷ್ಟೋ ಲೇಖನಗಳು ಅದನ್ನೇ ಹೇಳುತ್ತವೆ. ಅದಕ್ಕೆ ಈಗ ಹೊಸ ಸೌಲಭ್ಯಗಳು ಸೇರುತ್ತಿಲ್ಲ, 2022ರ ವಿಧಾನಗಳೂ ಅದರಲ್ಲಿ ಇಲ್ಲ. ಅದನ್ನು ಹಾಕಿಕೊಂಡು ಹೊಸ ವಿಧಾನದ ಹೆಸರು ಬರೆದರೆ ಅದು ಶುರುವೇ ಆಗುವುದಿಲ್ಲ.

ಶ್ಯಾಡೋಸಾಕ್ಸ್-ರಸ್ಟ್ ಯೋಜನೆಯ ಗಿಟ್‌ಹಬ್ ಪುಟದ ರಿಲೀಸಸ್ ವಿಭಾಗದಲ್ಲಿ ಸಿದ್ಧ ಫೈಲ್‌ಗಳು ಸಿಗುತ್ತವೆ. ಯಾವುದು ಇಳಿಸಿಕೊಳ್ಳಬೇಕು? "ಯುನೇಮ್ -ಎಂ" ಓಡಿಸಿ. "ಎಕ್ಸ್86_64" ಬಂದರೆ ಆ ಹೆಸರಿನದು, "ಎಆರ್ಚ್64" ಬಂದರೆ ಎಆರ್‌ಎಂ ಯಂತ್ರದ್ದು. ಪ್ರತಿಯೊಂದರಲ್ಲೂ "ಜಿಎನ್‌ಯು" ಮತ್ತು "ಮಸ್ಲ್" ಅಂತ ಎರಡು ಬಗೆ ಇರುತ್ತವೆ. ಜಿಎನ್‌ಯು ಬಗೆ ನಿಮ್ಮ ಸಿಸ್ಟಮ್‌ನ ಜಿಲಿಬ್‌ಸಿ ಲೈಬ್ರರಿಯನ್ನು ಅವಲಂಬಿಸುತ್ತದೆ. ಸಿಸ್ಟಮ್ ಹಳೆಯದಾಗಿದ್ದರೆ "ಜಿಲಿಬ್‌ಸಿ ಸಿಗಲಿಲ್ಲ" ಅಂತ ಮುನಿಸಿಕೊಳ್ಳುತ್ತದೆ. ಮಸ್ಲ್ ಬಗೆಯಲ್ಲಿ ಬೇಕಾದದ್ದೆಲ್ಲ ಒಳಗೇ ಇರುತ್ತದೆ. ಅನುಮಾನ ಇದ್ದರೆ ಮಸ್ಲ್ ತೆಗೆದುಕೊಳ್ಳಿ.

ಫೈಲ್ ಜೊತೆಗೇ ಅದೇ ಹೆಸರಿನ "ಎಸ್‌ಎಚ್‌ಎ256" ಫೈಲ್ ಕೂಡ ಇರುತ್ತದೆ. ಅದರಲ್ಲಿ ಇರುವುದು ಚೆಕ್‌ಸಮ್, ಅಂದರೆ ಫೈಲ್‌ನ ಬೆರಳಚ್ಚು. "ಎಸ್‌ಎಚ್‌ಎ256ಸಮ್" ಕಮಾಂಡ್‌ಗೆ ನೀವು ಇಳಿಸಿದ ಫೈಲ್ ಕೊಟ್ಟು ಎರಡೂ ಒಂದೇ ಇವೆಯಾ ನೋಡಿ. ಒಂದು ನಿಮಿಷದ ಕೆಲಸ, ದಯವಿಟ್ಟು ಬಿಡಬೇಡಿ.

ಬಿಚ್ಚಿದರೆ ಐದಾರು ಪ್ರೋಗ್ರಾಮ್ ಸಿಗುತ್ತವೆ. ಸರ್ವರ್‌ಗೆ ಬೇಕಾದದ್ದು "ಎಸ್‌ಎಸ್‌ಸರ್ವರ್" ಒಂದೇ. ಅದನ್ನು ಯುಎಸ್‌ಆರ್ ಒಳಗಿನ ಲೋಕಲ್, ಅದರೊಳಗಿನ ಬಿನ್ ಫೋಲ್ಡರ್‌ಗೆ ಹಾಕಿ. "ಎಸ್‌ಎಸ್‌ಸರ್ವರ್ --ವರ್ಷನ್" ಅಂದಾಗ ಆವೃತ್ತಿ ಸಂಖ್ಯೆ ಬಂದರೆ ಈ ಹಂತ ಆಯಿತು.

3. ಕೀ ತಯಾರಿಸಿ

ಓಪನ್‌ಎಸ್‌ಎಸ್‌ಎಲ್ ರಾಂಡ್ -ಬೇಸ್64 32

32 ಅಂದರೆ 32 ಬೈಟ್. 256 ಬಿಟ್‌ನ ವಿಧಾನಕ್ಕೆ ಅಷ್ಟೇ ಬೇಕು. ಚಾಚಾ20ಕ್ಕೂ ಇದೇ ಉದ್ದ. 128 ಬಿಟ್‌ನ ಎಇಎಸ್ ಆರಿಸಿದ್ದರೆ ಮಾತ್ರ 16.

ಪರದೆಯ ಮೇಲೆ ಬರುವ ಸಾಲನ್ನು ಸ್ವಲ್ಪ ಹತ್ತಿರದಿಂದ ನೋಡಿ. ದೊಡ್ಡಕ್ಷರ, ಸಣ್ಣಕ್ಷರ, ಅಂಕಿ, ನಡುವೆ ಅಲ್ಲೊಂದು ಇಲ್ಲೊಂದು ಕೂಡು ಚಿಹ್ನೆ ಅಥವಾ ಓರೆಗೆರೆ, ಕೊನೆಗೆ ಒಂದು ಸಮ ಚಿಹ್ನೆ. ಒಟ್ಟು 44 ಅಕ್ಷರ. 16 ಬೈಟ್‌ನ ಕೀ ಆದರೆ 24 ಅಕ್ಷರ, ಕೊನೆಗೆ ಎರಡು ಸಮ ಚಿಹ್ನೆ. ಇದನ್ನು ಕಾಪಿ ಮಾಡಲು ಡಬಲ್ ಕ್ಲಿಕ್ ಮಾಡಿದರೆ ಕೆಲವು ಟರ್ಮಿನಲ್‌ಗಳಲ್ಲಿ ಕೂಡು ಚಿಹ್ನೆಯ ಹತ್ತಿರವೇ ಆಯ್ಕೆ ನಿಂತುಬಿಡುತ್ತದೆ. ಕೀಯ ಅರ್ಧ ಮಾತ್ರ ನಿಮ್ಮ ಕೈಗೆ ಬರುತ್ತದೆ. ಅಂಟಿಸಿದ ಮೇಲೆ 44 ಇದೆಯಾ ಅಂತ ಎಣಿಸಿ. "ಕನೆಕ್ಟ್ ಆಗ್ತಿಲ್ಲ" ಅಂತ ಬರೆಯುವವರಲ್ಲಿ ಎಷ್ಟೋ ಜನರ ಸಮಸ್ಯೆ ಈ ಎಣಿಕೆಯಲ್ಲೇ ಮುಗಿಯುತ್ತದೆ.

4. ಕಾನ್ಫಿಗ್ ಫೈಲ್ ಬರೆಯಿರಿ

ಇಟಿಸಿ ಫೋಲ್ಡರ್ ಒಳಗೆ ಶ್ಯಾಡೋಸಾಕ್ಸ್ ಅಂತ ಹೊಸ ಫೋಲ್ಡರ್ ಮಾಡಿ, ಅದರಲ್ಲಿ ಕಾನ್ಫಿಗ್ ಅನ್ನುವ ಜೆಸನ್ ಫೈಲ್ ತೆರೆಯಿರಿ. ಜೆಸನ್ ಅಂದರೆ ಹೆಸರು, ಮುಂದೆ ಎರಡು ಚುಕ್ಕೆ, ಆಮೇಲೆ ಬೆಲೆ, ಹೀಗೆ ಸಾಲು ಸಾಲಾಗಿ ಸುರುಳಿ ಆವರಣದೊಳಗೆ ಬರೆಯುವ ರೀತಿ. ಐದು ಸಾಲು ಸಾಕು:

"ಸರ್ವರ್": "0.0.0.0"
"ಸರ್ವರ್_ಪೋರ್ಟ್": 24817
"ಪಾಸ್‌ವರ್ಡ್": ನಿಮ್ಮ 44 ಅಕ್ಷರದ ಕೀ, ಉಲ್ಲೇಖ ಚಿಹ್ನೆಯೊಳಗೆ
"ಮೆಥಡ್": "2022-ಬ್ಲೇಕ್3-ಎಇಎಸ್-256-ಜಿಸಿಎಂ"
"ಮೋಡ್": "ಟಿಸಿಪಿ_ಅಂಡ್_ಯುಡಿಪಿ"

ಒಂದು ಸಾಲಿಗೂ ಇನ್ನೊಂದಕ್ಕೂ ನಡುವೆ ಅಲ್ಪವಿರಾಮ ಇರಲಿ.

ನಾಲ್ಕು ಸೊನ್ನೆ ಅಂದರೆ ಯಂತ್ರದ ಎಲ್ಲಾ ಐಪಿವಿ4 ವಿಳಾಸಗಳ ಮೇಲೂ ಕಿವಿಗೊಟ್ಟು ಕೂರು ಅಂತ ಅರ್ಥ. ಪೋರ್ಟ್ ಸಂಖ್ಯೆ ಸುಮ್ನೆ ಉದಾಹರಣೆ, ನಿಮ್ಮದೇ ಒಂದು ಆರಿಸಿ. 8388 ಎಲ್ಲಾ ಉದಾಹರಣೆಗಳಲ್ಲೂ ಕಾಣುವ ಸಂಖ್ಯೆ, ಅದನ್ನು ಬಿಡಿ. 1024ಕ್ಕಿಂತ ಕೆಳಗಿನದಕ್ಕೆ ವಿಶೇಷ ಅನುಮತಿ ಬೇಕು. 32768ರಿಂದ 60999ರವರೆಗಿನ ಸಂಖ್ಯೆಗಳನ್ನು ಲಿನಕ್ಸ್ ತನ್ನ ತಾತ್ಕಾಲಿಕ ಕನೆಕ್ಷನ್‌ಗಳಿಗೆ ಇಟ್ಟುಕೊಳ್ಳುತ್ತದೆ. ಹಾಗಾಗಿ 20000ದಿಂದ 30000ದ ನಡುವೆ ಯಾವುದಾದರೂ ಚೆನ್ನ. ಪೋರ್ಟ್ ಸಂಖ್ಯೆಗೆ ಉಲ್ಲೇಖ ಚಿಹ್ನೆ ಹಾಕಬೇಡಿ.

ಉಲ್ಲೇಖ ಚಿಹ್ನೆ ಅಂದಾಗ ನೆನಪಾಯಿತು. ವರ್ಡ್ ಪ್ರೊಸೆಸರ್‌ನಲ್ಲಿ ಬರೆದು ಅಂಟಿಸಿದರೆ ಅದು ಬಾಗಿದ ಚಿಹ್ನೆಗಳನ್ನು ಹಾಕಿಬಿಡುತ್ತದೆ. ಕಣ್ಣಿಗೆ ಎರಡೂ ಒಂದೇ, ಪ್ರೋಗ್ರಾಮ್‌ಗೆ ಬೇರೆ ಬೇರೆ. ನೇರವಾಗಿ ಟರ್ಮಿನಲ್‌ನ ನ್ಯಾನೊ ಎಡಿಟರ್‌ನಲ್ಲೇ ಬರೆಯಿರಿ.

ಈಗ ಅದೇ ಫೋಲ್ಡರ್‌ನಲ್ಲಿ ಇನ್ನೊಂದು ಸಣ್ಣ ಫೈಲ್. ಇದನ್ನು ಬಹಳ ಲೇಖನಗಳು ಹೇಳುವುದೇ ಇಲ್ಲ, ನನಗೆ ಮಾತ್ರ ಇದು ಬಿಡಬಾರದ್ದು ಅನಿಸುತ್ತದೆ. ಪ್ರಾಕ್ಸಿ ಬಳಸುವವರು ಹೊರಗಿನ ತಾಣಗಳಿಗೆ ಮಾತ್ರವಲ್ಲ, ಸರ್ವರ್‌ನ ಒಳಗಿನ ವಿಳಾಸಗಳಿಗೂ ಕೋರಿಕೆ ಕಳಿಸಬಹುದು. ಅದೇ ಯಂತ್ರದಲ್ಲಿ ನೀವು ಡೇಟಾಬೇಸ್ ಇಟ್ಟಿದ್ದರೆ, ಅದು 127.0.0.1ಕ್ಕೆ ಮಾತ್ರ ತೆರೆದಿದೆ ಅಂತ ನೀವು ನೆಮ್ಮದಿಯಾಗಿದ್ದರೆ, ಪ್ರಾಕ್ಸಿ ಮೂಲಕ ಅದರ ಬಾಗಿಲು ತಟ್ಟಬಹುದು. ಕ್ಲೌಡ್ ಸರ್ವರ್‌ಗಳಲ್ಲಿ 169.254.169.254 ಅನ್ನುವ ವಿಳಾಸದಲ್ಲಿ ಆ ಯಂತ್ರದ ಗುಟ್ಟಿನ ವಿವರಗಳು ಸಿಗುವುದುಂಟು. ಇವಕ್ಕೆ ತಡೆ ಹಾಕುವುದು ಎಸಿಎಲ್ ಫೈಲ್. ಎಸಿಎಲ್ ಅಂದರೆ ಯಾರಿಗೆ, ಎಲ್ಲಿಗೆ ಬಿಡಬೇಕು ಅನ್ನುವ ಪಟ್ಟಿ. ಅದರಲ್ಲಿ ಹೀಗೆ ಬರೆಯಿರಿ:

[ಆಕ್ಸೆಪ್ಟ್_ಆಲ್]
[ಔಟ್‌ಬೌಂಡ್_ಬ್ಲಾಕ್_ಲಿಸ್ಟ್]
127.0.0.0/8
10.0.0.0/8
172.16.0.0/12
192.168.0.0/16
169.254.0.0/16
::1/128

5. ಮೊದಲು ಕೈಯಾರೆ ಓಡಿಸಿ, ಆಮೇಲೆ ಸರ್ವಿಸ್ ಮಾಡಿ

ಎಸ್‌ಎಸ್‌ಸರ್ವರ್‌ಗೆ "-ಸಿ" ಆಯ್ಕೆಯಲ್ಲಿ ಕಾನ್ಫಿಗ್ ಫೈಲ್, "--ಎಸಿಎಲ್" ಆಯ್ಕೆಯಲ್ಲಿ ಪಟ್ಟಿಯ ಫೈಲ್ ಕೊಟ್ಟು ಓಡಿಸಿ. ಯಾವ ಪೋರ್ಟ್‌ನಲ್ಲಿ ಕಾಯುತ್ತಿದೆ ಅಂತ ಹೇಳಿ ಸುಮ್ಮನೆ ನಿಂತರೆ ಸರಿ. ತಕ್ಷಣ ನಿಂತುಹೋದರೆ ಅದು ಕೊನೆಗೆ ಹೇಳಿದ ಸಾಲನ್ನು ಓದಿ. ಕೀ ಉದ್ದ ಅಥವಾ ಜೆಸನ್, ಎರಡರಲ್ಲಿ ಒಂದು ತಪ್ಪಿರುತ್ತದೆ. ಕಂಟ್ರೋಲ್ ಮತ್ತು ಸಿ ಒತ್ತಿ ನಿಲ್ಲಿಸಿ.

ಯಂತ್ರ ರೀಬೂಟ್ ಆದರೂ ತಾನೇ ಎದ್ದು ಕೂರಬೇಕಲ್ಲ, ಅದಕ್ಕೆ ಸಿಸ್ಟಮ್‌ಡಿ ಸರ್ವಿಸ್ ಬೇಕು. ಸಿಸ್ಟಮ್‌ಡಿ ಅಂದರೆ ಲಿನಕ್ಸ್‌ನಲ್ಲಿ ಪ್ರೋಗ್ರಾಮ್‌ಗಳನ್ನು ಶುರು ಮಾಡಿ ನಡೆಸುವ ವ್ಯವಸ್ಥೆ. ಆದರೆ ರೂಟ್ ಆಗಿ, ಅಂದರೆ ಪೂರ್ತಿ ಅಧಿಕಾರವಿರುವ ಬಳಕೆದಾರನಾಗಿ, ಓಡಿಸಬೇಡಿ. ಇಂಟರ್ನೆಟ್‌ಗೆ ಮುಖ ಮಾಡಿ ಕೂರುವ ಪ್ರೋಗ್ರಾಮ್‌ಗೆ ಮನೆಯ ಎಲ್ಲಾ ಬೀಗದ ಕೈ ಕೊಡುವುದು ಬೇಡ. "ಯೂಸರ್‌ಆ್ಯಡ್ --ಸಿಸ್ಟಮ್" ಬಳಸಿ, ಲಾಗಿನ್ ಆಗಲು ಬಾರದ ಒಬ್ಬ ಬಳಕೆದಾರನನ್ನು "ಎಸ್‌ಎಸ್‌ಪ್ರಾಕ್ಸಿ" ಅನ್ನುವ ಹೆಸರಲ್ಲಿ ಮಾಡಿ. ಶೆಲ್ ಜಾಗದಲ್ಲಿ "ನೋಲಾಗಿನ್" ಕೊಟ್ಟರೆ ಆಯಿತು.

ಇಟಿಸಿ, ಸಿಸ್ಟಮ್‌ಡಿ, ಸಿಸ್ಟಮ್ ಫೋಲ್ಡರ್‌ನಲ್ಲಿ ಹೊಸ ಸರ್ವಿಸ್ ಫೈಲ್ ತೆರೆದು, ಸರ್ವಿಸ್ ವಿಭಾಗದಲ್ಲಿ ಇವಿಷ್ಟು ಇರಲಿ. ಈ ಫೈಲ್‌ನಲ್ಲಿ ಮಾತ್ರ ವಿಭಾಗಗಳ ಮತ್ತು ಸಾಲುಗಳ ಹೆಸರಿನ ಪ್ರತಿ ಪದವೂ ದೊಡ್ಡಕ್ಷರದಿಂದ ಶುರುವಾಗಬೇಕು. "ಎಕ್ಸೆಕ್‌ಸ್ಟಾರ್ಟ್" ಸಾಲಿನಲ್ಲಿ ನೀವು ಈಗ ತಾನೇ ಓಡಿಸಿದ ಕಮಾಂಡ್, ಪೂರ್ತಿ ಪಾತ್ ಸಮೇತ. "ಯೂಸರ್" ಸಾಲಿನಲ್ಲಿ ಎಸ್‌ಎಸ್‌ಪ್ರಾಕ್ಸಿ. "ರೀಸ್ಟಾರ್ಟ್" ಸಾಲಿನಲ್ಲಿ ಆನ್-ಫೇಲ್ಯೂರ್. ಭದ್ರತೆಗೆ "ನೋನ್ಯೂಪ್ರಿವಿಲೇಜಸ್" ಮತ್ತು "ಪ್ರೊಟೆಕ್ಟ್‌ಹೋಮ್" ಎರಡಕ್ಕೂ ಟ್ರೂ, "ಪ್ರೊಟೆಕ್ಟ್‌ಸಿಸ್ಟಮ್" ಮುಂದೆ ಸ್ಟ್ರಿಕ್ಟ್. ಈ ಮೂರರಿಂದ ಪ್ರೋಗ್ರಾಮ್ ಹೊಸ ಅಧಿಕಾರ ಪಡೆಯಲಾಗುವುದಿಲ್ಲ, ಬಳಕೆದಾರರ ಹೋಮ್ ಫೋಲ್ಡರ್ ನೋಡಲಾಗುವುದಿಲ್ಲ, ಸಿಸ್ಟಮ್ ಫೈಲ್ ತಿದ್ದಲಾಗುವುದಿಲ್ಲ. "ಇನ್‌ಸ್ಟಾಲ್" ವಿಭಾಗದಲ್ಲಿ "ವಾಂಟೆಡ್‌ಬೈ" ಮುಂದೆ ಮಲ್ಟಿ-ಯೂಸರ್ ಟಾರ್ಗೆಟ್ ಬರೆಯಲು ಮರೆಯಬೇಡಿ. ಅದಿಲ್ಲದಿದ್ದರೆ ರೀಬೂಟ್ ಆದ ಮೇಲೆ ಸರ್ವಿಸ್ ಏಳುವುದಿಲ್ಲ.

ಇಲ್ಲೊಂದು ಗುಂಡಿ ಇದೆ. ಕೀ ಇರುವ ಫೈಲ್ ಅಂತ ಕಾನ್ಫಿಗ್‌ಗೆ 600 ಪರ್ಮಿಷನ್ ಕೊಟ್ಟು, ಒಡೆತನ ರೂಟ್‌ಗೇ ಬಿಟ್ಟರೆ ಎಸ್‌ಎಸ್‌ಪ್ರಾಕ್ಸಿಗೆ ಅದನ್ನು ಓದಲೂ ಆಗುವುದಿಲ್ಲ. ಕೈಯಾರೆ ಓಡಿಸಿದಾಗ ಸರಿ ಇತ್ತು, ಸರ್ವಿಸ್ ಮಾಡಿದ ಮೇಲೆ ಬಿತ್ತು ಅನ್ನುವವರ ಕಥೆ ಇದೇ. ಒಡೆತನ ರೂಟ್, ಗುಂಪು ಎಸ್‌ಎಸ್‌ಪ್ರಾಕ್ಸಿ, ಪರ್ಮಿಷನ್ 640 ಮಾಡಿ. ರೂಟ್ ತಿದ್ದಬಹುದು, ಪ್ರೋಗ್ರಾಮ್ ಓದಬಹುದು, ಉಳಿದವರಿಗೆ ಏನೂ ಇಲ್ಲ.

ಕೊನೆಗೆ:

ಸುಡೊ ಸಿಸ್ಟಮ್‌ಸಿಟಿಎಲ್ ಡೀಮನ್-ರೀಲೋಡ್
ಸುಡೊ ಸಿಸ್ಟಮ್‌ಸಿಟಿಎಲ್ ಎನೇಬಲ್ --ನೌ, ಮುಂದೆ ನಿಮ್ಮ ಸರ್ವಿಸ್ ಹೆಸರು

6. ಫೈರ್‌ವಾಲ್ ತೆರೆಯಿರಿ, ಆದರೆ ಈ ಕ್ರಮದಲ್ಲೇ

ಫೈರ್‌ವಾಲ್ ನೋಡಿಕೊಳ್ಳಲು ಯುಎಫ್‌ಡಬ್ಲ್ಯೂ ಅನ್ನುವ ಪ್ರೋಗ್ರಾಮ್ ಬಳಸುತ್ತಿದ್ದರೆ ಮೊದಲ ಕಮಾಂಡ್ ಯಾವಾಗಲೂ ಇದೇ:

ಸುಡೊ ಯುಎಫ್‌ಡಬ್ಲ್ಯೂ ಅಲೋ ಓಪನ್‌ಎಸ್‌ಎಸ್‌ಎಚ್

ಇದಿಲ್ಲದೆ "ಎನೇಬಲ್" ಮಾಡಿದರೆ ನಿಮ್ಮದೇ ಸರ್ವರ್ ನಿಮ್ಮನ್ನೇ ಹೊರಗೆ ನಿಲ್ಲಿಸುತ್ತದೆ. ಎಸ್‌ಎಸ್‌ಎಚ್ ಪೋರ್ಟ್ ಬದಲಿಸಿದ್ದರೆ ಹೆಸರಿನ ಬದಲು ಆ ಸಂಖ್ಯೆ ಕೊಡಿ. ಆಮೇಲೆ 24817/ಟಿಸಿಪಿ ಮತ್ತು 24817/ಯುಡಿಪಿ ಎರಡಕ್ಕೂ ಅಲೋ ಕೊಟ್ಟು, ಕೊನೆಗೆ ಎನೇಬಲ್ ಮಾಡಿ. ಈಗಿರುವ ಕಿಟಕಿ ಮುಚ್ಚಬೇಡಿ. ಇನ್ನೊಂದು ಟರ್ಮಿನಲ್ ತೆರೆದು ಲಾಗಿನ್ ಆಗುತ್ತದೆಯಾ ನೋಡಿ, ಆದ ಮೇಲೆ ಮುಂದೆ ಹೋಗಿ.

ಕ್ಲೌಡ್ ಸರ್ವರ್ ಆದರೆ ಸಾಮಾನ್ಯವಾಗಿ ಎರಡನೇ ಫೈರ್‌ವಾಲ್ ಇರುತ್ತದೆ. ಅದು ಸರ್ವರ್‌ನ ಒಳಗಲ್ಲ, ಅವರ ವೆಬ್ ಕನ್ಸೋಲ್‌ನಲ್ಲಿ. ಸೆಕ್ಯುರಿಟಿ ಗ್ರೂಪ್ ಅನ್ನುವ ಹೆಸರಲ್ಲಿ ಹುಡುಕಿ. ಅಲ್ಲೂ ಅದೇ ಪೋರ್ಟ್ ತೆರೆಯಬೇಕು.

7. ನಿಮ್ಮ ಕಂಪ್ಯೂಟರ್‌ನಲ್ಲಿ ಕ್ಲೈಂಟ್

ಅದೇ ಗಿಟ್‌ಹಬ್ ಪುಟದಿಂದ ಇಳಿಸಿದ ಕಟ್ಟಿನಲ್ಲಿ "ಎಸ್‌ಎಸ್‌ಲೋಕಲ್" ಇದೆ, ಅದೇ ಕ್ಲೈಂಟ್. ಇದರ ಕಾನ್ಫಿಗ್ ಫೈಲ್‌ನಲ್ಲಿ ಸರ್ವರ್ ಜಾಗಕ್ಕೆ ನಿಮ್ಮ ಸರ್ವರ್‌ನ ನಿಜವಾದ ಐಪಿ. ಪೋರ್ಟ್, ಕೀ, ಮೆಥಡ್, ಮೋಡ್ ಎಲ್ಲಾ ಅಲ್ಲಿದ್ದ ಹಾಗೇ. ಇನ್ನೆರಡು ಸಾಲು ಹೊಸದು: "ಲೋಕಲ್_ಅಡ್ರೆಸ್" ಮುಂದೆ "127.0.0.1", "ಲೋಕಲ್_ಪೋರ್ಟ್" ಮುಂದೆ 1080.

ಲೋಕಲ್ ವಿಳಾಸಕ್ಕೆ ಇಲ್ಲೂ ನಾಲ್ಕು ಸೊನ್ನೆ ಹಾಕಿಬಿಡುವವರಿದ್ದಾರೆ. ದಯವಿಟ್ಟು ಹಾಕಬೇಡಿ. ಬ್ರೌಸರ್‌ನಿಂದ ಕ್ಲೈಂಟ್‌ವರೆಗಿನ ದಾರಿಗೆ ಪಾಸ್‌ವರ್ಡ್ ಇರುವುದಿಲ್ಲ. ಹಾಗಾಗಿ ಅದೇ ವೈ-ಫೈನಲ್ಲಿ ಕೂತ ಯಾರು ಬೇಕಾದರೂ ನಿಮ್ಮ ಲ್ಯಾಪ್‌ಟಾಪ್ ಮೂಲಕ, ನಿಮ್ಮ ಸರ್ವರ್‌ನ ಹೆಸರಲ್ಲಿ ಇಂಟರ್ನೆಟ್ ಬಳಸಬಹುದು. ಹೊರಗಿನ ಲೋಕಕ್ಕೆ ಕಾಣುವುದು ನಿಮ್ಮ ಐಪಿ, ಉತ್ತರ ಕೊಡಬೇಕಾದವರೂ ನೀವೇ.

ಎಸ್‌ಎಸ್‌ಲೋಕಲ್ ಓಡಿಸಿಟ್ಟು ಫೈರ್‌ಫಾಕ್ಸ್ ತೆರೆಯಿರಿ. ಸೆಟ್ಟಿಂಗ್ಸ್‌ನ ಕೊನೆಯಲ್ಲಿ ನೆಟ್‌ವರ್ಕ್ ಸೆಟ್ಟಿಂಗ್ಸ್ ಇದೆ. ಮ್ಯಾನ್ಯುಯಲ್ ಆರಿಸಿ, ಸಾಕ್ಸ್ ಹೋಸ್ಟ್ ಜಾಗದಲ್ಲಿ 127.0.0.1, ಪೋರ್ಟ್ 1080, ಆವೃತ್ತಿ 5. ಮೇಲಿನ ಎಚ್‌ಟಿಟಿಪಿ ಪ್ರಾಕ್ಸಿ ಪೆಟ್ಟಿಗೆಗಳನ್ನು ಖಾಲಿ ಬಿಡಿ, ನಮ್ಮ ಕ್ಲೈಂಟ್ ಅಲ್ಲಿ ಕೇಳುವ ಭಾಷೆ ಮಾತಾಡುವುದಿಲ್ಲ. ಕೆಳಗೆ "ಸಾಕ್ಸ್ ವಿ5 ಬಳಸುವಾಗ ಡಿಎನ್‌ಎಸ್ ಅನ್ನೂ ಪ್ರಾಕ್ಸಿ ಮೂಲಕ ಕಳಿಸು" ಅನ್ನುವ ಅರ್ಥದ ಒಂದು ಟಿಕ್ ಇರುತ್ತದೆ. ಅದನ್ನು ಹಾಕಲೇಬೇಕು. ಡಿಎನ್‌ಎಸ್ ಅಂದರೆ ತಾಣದ ಹೆಸರು ಹೇಳಿ ಐಪಿ ಕೇಳುವ ವ್ಯವಸ್ಥೆ. ಟಿಕ್ ಹಾಕದಿದ್ದರೆ ಪುಟ ಬರುವುದು ಪ್ರಾಕ್ಸಿಯಿಂದ, ಆದರೆ "ಈ ತಾಣ ಎಲ್ಲಿದೆ?" ಅನ್ನುವ ಪ್ರಶ್ನೆ ಮಾತ್ರ ನೀವು ಕೂತ ನೆಟ್‌ವರ್ಕ್‌ನ ಎದುರೇ ಹೋಗಬಹುದು. ಮುಚ್ಚಿಡಲು ಹೊರಟಿದ್ದೇ ಅದನ್ನು, ಅಲ್ವಾ?

ಬ್ರೌಸರ್‌ನ ಸೆಟ್ಟಿಂಗ್ ಬ್ರೌಸರ್‌ಗಷ್ಟೇ. ಗಿಟ್, ಆಪ್ಟ್ ಮುಂತಾದವು ತಮ್ಮ ಹಳೆಯ ದಾರಿಯಲ್ಲೇ ಹೋಗುತ್ತಿರುತ್ತವೆ.

ಆಂಡ್ರಾಯ್ಡ್ ಫೋನ್‌ಗೆ ಶ್ಯಾಡೋಸಾಕ್ಸ್ ಆಪ್ ಇದೆ. ಕೈಯಾರೆ ಟೈಪ್ ಮಾಡುವ ಬದಲು "ಎಸ್‌ಎಸ್‌ಯುಆರ್‌ಎಲ್" ಪ್ರೋಗ್ರಾಮ್‌ನಿಂದ ಕ್ಯೂಆರ್ ಕೋಡ್ ಮಾಡಿ ಸ್ಕ್ಯಾನ್ ಮಾಡಬಹುದು. ಆ ಕೋಡ್‌ನ ಒಳಗೆ ಕೀ ತೆರೆದ ಪುಸ್ತಕದಂತೆ ಇರುತ್ತದೆ, ಎನ್‌ಕ್ರಿಪ್ಷನ್ ಏನೂ ಇಲ್ಲ. ಅದರ ಸ್ಕ್ರೀನ್‌ಶಾಟ್ ತೆಗೆದು ಗುಂಪಿಗೆ ಕಳಿಸಿದರೆ ಕೀಯನ್ನೇ ಹಂಚಿದ ಹಾಗೆ.

8. ಪರೀಕ್ಷೆ

ಮೊದಲು ಪ್ರಾಕ್ಸಿ ಇಲ್ಲದೆ, ನಿಮ್ಮ ಐಪಿ ತೋರಿಸುವ ಯಾವುದಾದರೂ ತಾಣವನ್ನು ಕರ್ಲ್ ಕಮಾಂಡ್‌ನಿಂದ ಕೇಳಿ. ಬಂದ ವಿಳಾಸ ಗುರುತು ಹಾಕಿಕೊಳ್ಳಿ. ಆಮೇಲೆ ಅದೇ ಕಮಾಂಡ್‌ಗೆ ಇದನ್ನು ಸೇರಿಸಿ:

--ಪ್ರಾಕ್ಸಿ ಸಾಕ್ಸ್5ಎಚ್://127.0.0.1:1080

ಈಗ ಸರ್ವರ್‌ನ ಐಪಿ ಬರಬೇಕು. 5ರ ಮುಂದಿನ ಎಚ್ ಅಕ್ಷರ ಬಿಡಬೇಡಿ. ಅದಿದ್ದರೆ ಹೆಸರು ಹುಡುಕುವ ಕೆಲಸವೂ ಪ್ರಾಕ್ಸಿಯ ಆ ಕಡೆಯೇ ಆಗುತ್ತದೆ, ಇಲ್ಲದಿದ್ದರೆ ನಿಮ್ಮ ಯಂತ್ರದಲ್ಲಿ. ಫೈರ್‌ಫಾಕ್ಸ್‌ನ ಟಿಕ್‌ಗೂ ಇದಕ್ಕೂ ಕೆಲಸ ಒಂದೇ.

ಬರಲಿಲ್ಲ ಅಂದರೆ ಎಲ್ಲವನ್ನೂ ಅಳಿಸಿ ಮತ್ತೆ ಶುರು ಮಾಡಬೇಡಿ. ಸರ್ವರ್‌ನಿಂದ ಆಚೆಗೆ ಒಂದೊಂದೇ ಮೆಟ್ಟಿಲು ನೋಡುತ್ತಾ ಬನ್ನಿ. "ಸಿಸ್ಟಮ್‌ಸಿಟಿಎಲ್ ಸ್ಟೇಟಸ್" ಸರ್ವಿಸ್ ಓಡುತ್ತಿದೆ ಅನ್ನುತ್ತದೆಯಾ? "ಸುಡೊ ಎಸ್‌ಎಸ್ -ಟಿಯುಎಲ್‌ಪಿಎನ್" ಪಟ್ಟಿಯಲ್ಲಿ ನಿಮ್ಮ ಪೋರ್ಟ್ ಟಿಸಿಪಿ, ಯುಡಿಪಿ ಎರಡರಲ್ಲೂ ಕಾಣುತ್ತದೆಯಾ? ಲ್ಯಾಪ್‌ಟಾಪ್‌ನಿಂದ "ಎನ್‌ಸಿ -ವಿಝಡ್", ಮುಂದೆ ಸರ್ವರ್ ಐಪಿ ಮತ್ತು ಪೋರ್ಟ್ ಕೊಟ್ಟರೆ ಬಾಗಿಲು ತೆರೆಯುತ್ತದೆಯಾ? ಇದು ಟಿಸಿಪಿಯನ್ನು ಮಾತ್ರ ನೋಡುತ್ತದೆ. ಇಲ್ಲಿ ಸಿಕ್ಕಿಹಾಕಿಕೊಂಡರೆ ತಪ್ಪು ಫೈರ್‌ವಾಲ್‌ನದ್ದು, ಮೊದಲು ವೆಬ್ ಕನ್ಸೋಲ್‌ನದ್ದನ್ನು ನೋಡಿ.

ಮೂರೂ ಸರಿ ಇದ್ದೂ ಪುಟ ಬರುತ್ತಿಲ್ಲವೆಂದರೆ ಉಳಿದದ್ದು ಕೀ, ಮೆಥಡ್, ಗಡಿಯಾರ. ಕ್ಲೈಂಟ್ ಕಡೆ ಏನೂ ತಿಳಿಯುವುದಿಲ್ಲ, ಯಾಕೆಂದರೆ ಮುದ್ರೆ ಸರಿ ಇಲ್ಲದ ಕೋರಿಕೆಗೆ ಸರ್ವರ್ ಉತ್ತರವನ್ನೇ ಕೊಡುವುದಿಲ್ಲ. ಗುರುತಿಲ್ಲದವರ ಜೊತೆ ಮಾತಾಡದೆ ಇರುವುದು ಅದರ ಒಳ್ಳೆಯ ಗುಣವೇ. ಹಾಗಾಗಿ ಸರ್ವರ್‌ನಲ್ಲಿ "ಜರ್ನಲ್‌ಸಿಟಿಎಲ್ -ಯು", ಮುಂದೆ ಸರ್ವಿಸ್ ಹೆಸರು, ಕೊನೆಗೆ "-ಎಫ್" ಹಾಕಿ ಓಡಿಸಿಟ್ಟು, ಇತ್ತ ಪುಟ ತೆರೆಯಿರಿ. ಡಿಕ್ರಿಪ್ಟ್ ಆಗಲಿಲ್ಲ ಅನ್ನುವ ಸಾಲು ಬಂದರೆ ಕೀ ಅಥವಾ ಮೆಥಡ್. ಟೈಮ್‌ಸ್ಟ್ಯಾಂಪ್ ಅನ್ನುವ ಪದ ಕಂಡರೆ ಗಡಿಯಾರ.

9. ಆಮೇಲಿನ ನಿಗಾ

ಡೆಬಿಯನ್, ಉಬುಂಟುಗಳ ಭದ್ರತಾ ಅಪ್‌ಡೇಟ್ ತಾನೇ ಆಗಲು "ಅನ್‌ಅಟೆಂಡೆಡ್-ಅಪ್‌ಗ್ರೇಡ್ಸ್" ಪ್ಯಾಕೇಜ್ ಹಾಕಿಡಿ. ಎಸ್‌ಎಸ್‌ಸರ್ವರ್ ನೀವೇ ಕೈಯಾರೆ ಇಟ್ಟ ಫೈಲ್, ಅದು ತಾನಾಗಿ ಹೊಸದಾಗುವುದಿಲ್ಲ. ತಿಂಗಳಿಗೊಮ್ಮೆ ರಿಲೀಸಸ್ ಪುಟ ನೋಡಿ.

ಮನೆಯವರಿಗೆ, ಸ್ನೇಹಿತರಿಗೆ ಕೊಡುವುದಾದರೆ ಎಲ್ಲರಿಗೂ ಒಂದೇ ಕೀ ಕೊಡಬೇಡಿ. ಒಬ್ಬೊಬ್ಬರಿಗೆ ಒಂದೊಂದು ಪೋರ್ಟ್, ಒಂದೊಂದು ಕೀ, ಒಂದೊಂದು ಸರ್ವಿಸ್ ಮಾಡಿಕೊಡುವುದು ಎಲ್ಲಕ್ಕಿಂತ ಸರಳ. ಯಾರದ್ದಾದರೂ ಫೋನ್ ಕಳೆದರೆ ಅವರದ್ದೊಂದನ್ನೇ ಮುಚ್ಚಬಹುದು, ಉಳಿದವರಿಗೆ ತೊಂದರೆ ಆಗುವುದಿಲ್ಲ.

ಫೋನ್ ಕಳೆದಾಗ ಕಾಯಬೇಡಿ. ಹೊಸ ಕೀ ತಯಾರಿಸಿ, ಸರ್ವರ್‌ನ ಕಾನ್ಫಿಗ್‌ನಲ್ಲಿ ಬದಲಿಸಿ, ಸರ್ವಿಸ್ ರೀಸ್ಟಾರ್ಟ್ ಮಾಡಿ. ಬರೀ ಫೈಲ್ ತಿದ್ದಿ ಬಿಟ್ಟರೆ ಆಗದು, ರೀಸ್ಟಾರ್ಟ್ ಆಗುವವರೆಗೂ ಹಳೆಯ ಕೀ ನಡೆಯುತ್ತಲೇ ಇರುತ್ತದೆ. ಆಮೇಲೆ ಹಳೆಯ ಕೀ ಇರುವ ಲ್ಯಾಪ್‌ಟಾಪ್‌ನಿಂದ ಒಮ್ಮೆ ಕರ್ಲ್ ಪರೀಕ್ಷೆ ಮಾಡಿ ನೋಡಿ. ಈ ಸಲ ಉತ್ತರ ಬರಬಾರದು.